ಆಸರೆಮನೆಯಿಲ್ಲದ ಕರ್ನಲ್

ನಮ್ಮ ಸಿರಾಬುಗುವಿಗೆ ಹೊಸಬ ಯಾರೇ ಬರಲಿ, ದೋಣಿಯಲ್ಲಿ ನದಿ ದಾಟಿ ಬರಲಿ, ಲಾರಿಯ ಮೇಲೆ ಉಪ್ಪಿನ ಹಲಗೆಗಳ ಜೊತೆ ಕೂತು ಬರಲಿ, ಅವನಿಗೆ ಕೇಳುವ ದೊಡ್ಡ ಪ್ರಶ್ನೆ ಒಂದೇ: "ನಿನ್ನ ಆಸರೆ ಯಾರು?" ಅವನು ಊರಿನ ಯಾವುದಾದರೂ ಮನೆಯ ಹೆಸರು ಹೇಳಬೇಕು. ಅಲ್ಲಿಂದಾಚೆಗೆ ಅವನ ಊಟ, ಅವನ ಜಗಳ, ಅವನ ಜ್ವರ, ಅವನ ಮದುವೆ ಎಲ್ಲವೂ ಆ ಮನೆಯವನ ತಲೆಗೆ. ಸತ್ತರೆ ಗುಂಡಿ ತೋಡಿಸುವವನೂ ಆ ಮನೆಯವನೇ. ನಾನು ಫಾಬು ಕೊನಾಟೆ, ಉಪ್ಪು, ಹೊಗೆಮೀನು, ಜಗಿಯುವ ಕೋಲಾಕಾಯಿಯ ವ್ಯಾಪಾರಿ. ಇಂಥ ಆಸರೆಯನ್ನು ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಪುಣ್ಯಕ್ಕಾಗಿ ಎಂದು ತಿಳಿಯಬೇಡಿ. ನನ್ನ ಮನೆಯಲ್ಲಿ ಉಂಡವನು ತನ್ನ ಸರಕನ್ನು ಪಕ್ಕದ ಅಂಗಡಿಗೆ ಮಾರುವುದಿಲ್ಲ.

ಕರ್ನಲ್ ನ್ಯಾನ್ಕೊರೊ ಕುಲಿಬಾಲಿ ನಮ್ಮ ಪ್ರಾಂತಕ್ಕೆ ಗವರ್ನರಾಗಿ ಬಂದದ್ದು ಬಿಸಿಗಾಳಿಯ ಕಾಲದಲ್ಲಿ. ಹಿಂದೆ ಮುಂದೆ ಜೀಪುಗಳು, ನಡುವೆ ಅವನು. ಎಲ್ಲ ಗಾಡಿಗಳ ಧೂಳೂ ಕೂಡಿ, ಇಳಿದವರಲ್ಲಿ ಯಾರು ಗವರ್ನರ್ ಯಾರು ಚಾಲಕ ಎಂದು ತಿಳಿಯುವಂತಿರಲಿಲ್ಲ. ಒರೆಸಿಕೊಂಡ ಮೇಲೆ ಗೊತ್ತಾಯಿತು. ಉದ್ದನೆಯ ಆಳು, ಒನಕೆ ನುಂಗಿದವನ ಹಾಗೆ ನೆಟ್ಟಗಿನ ಬೆನ್ನು, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಬೂಟು. ನದಿದಂಡೆಯ ಮಾವಿನ ಮರಗಳ ಕೆಳಗೆ ಊರೆಲ್ಲ ಸೇರಿತ್ತು. ನಮ್ಮ ಊರ ಹಿರಿಯ ಮೊಲೊಬಾಲಿ ಕೋಲೂರಿಕೊಂಡು ಎದ್ದು, ಹೊಸಬನ ಅಪ್ಪ ಚೆನ್ನಾಗಿದ್ದಾನೆಯೇ, ಅಮ್ಮ ಚೆನ್ನಾಗಿದ್ದಾಳೆಯೇ, ದಾರಿಯಲ್ಲಿ ಶಾಂತಿಯಿತ್ತೇ ಎಂದೆಲ್ಲ ವಿಚಾರಿಸಿ ಮುಗಿಸಿ, ಕೊನೆಗೆ ಕೇಳಬೇಕಾದ್ದನ್ನು ಕೇಳಿದ.

"ನಮ್ಮೂರಲ್ಲಿ ತಮ್ಮ ಆಸರೆ ಯಾರು, ದೊರೆ?"

ಕರ್ನಲ್ ನಕ್ಕ. "ನನಗೆ ಸರಕಾರಾನೇ ಆಸರೆ, ಅಜ್ಜ."

ಜೀಪಿನವರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದರೆಂದು ನಾವೂ ತಟ್ಟಿದೆವು. ಮೊಲೊಬಾಲಿ ತಲೆದೂಗಿದ. "ಸರಕಾರ ದೊಡ್ಡ ಮನೆ. ಒಳ್ಳೆ ಮನೆ," ಎಂದ. ಕೂತ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಆ ಮನೇಲಿ ಒಲೆ ಎಲ್ಲಿದೆಯೋ ನಂಗಂತೂ ಗೊತ್ತಿಲ್ಲ ಕಣಪ್ಪ," ಎಂದ.

ಕರ್ನಲ್ ಮೊದಲು ಮಾಡಿದ ಕೆಲಸ ಆ ಮಾವಿನ ಮರಗಳಿಗೆ ಸುಣ್ಣ ಬಳಿಸಿದ್ದು. ಮೊಣಕಾಲೆತ್ತರಕ್ಕೆ, ದಾರ ಹಿಡಿದು ಅಳೆದು. ಮರುದಿನ ನೋಡಿದರೆ ಮರಗಳೆಲ್ಲ ಬಿಳಿ ಕಾಲುಚೀಲ ತೊಟ್ಟು ಕವಾಯತಿಗೆ ನಿಂತಿದ್ದವು. ಆಮೇಲೆ ಸಂತೆಯ ಸಾಲುಗಳನ್ನು ನೇರ ಮಾಡಿಸಿದ. ಕುರಿ ಮಾರುವವರು ಭಯಕ್ಕೆ ಕುರಿಗಳನ್ನೂ ನೇರ ನಿಲ್ಲಿಸಲು ನೋಡಿದರು. ಬಾವಿ ತೋಡಿಸಿದ, ಅದನ್ನೂ ಹೇಳಬೇಕು, ಆ ಬಾವಿಗಳಲ್ಲಿ ಇವತ್ತಿಗೂ ನೀರಿದೆ. ಲಂಚ ಮುಟ್ಟುತ್ತಿರಲಿಲ್ಲ. ಇದರಿಂದ ನಮ್ಮಂಥ ವ್ಯಾಪಾರಿಗಳಿಗೆ ಬಹಳ ಕಷ್ಟವಾಯಿತು. ಲಂಚ ತೆಗೆದುಕೊಳ್ಳುವವನಿಗೆ ಏನು ಬೇಕೆಂದು ಗೊತ್ತಿರುತ್ತದೆ. ತೆಗೆದುಕೊಳ್ಳದವನಿಗೆ ಏನು ಬೇಕೆಂದು ಹೇಗೆ ತಿಳಿಯುವುದು?

ಉಪ್ಪಿನ ಬೆಲೆಯ ವಿಚಾರಕ್ಕೆ ವ್ಯಾಪಾರಿಗಳನ್ನೆಲ್ಲ ಅವನು ಕಚೇರಿಗೆ ಕರೆಸಿದಾಗ ನಾನೂ ಹೋದೆ. ದೊಡ್ಡ ಮೇಜು, ಬಾವುಟ, ಬಾಗಿಲಿಗೆ ಇಬ್ಬರು ಬಂದೂಕಿನವರು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ ಕೂರಬೇಕಿತ್ತು. ನನ್ನ ಸರದಿ ಬಂತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಕೊನಾಟೆ ಕುಲದವನೂ ಕುಲಿಬಾಲಿ ಕುಲದವನೂ ಎದುರಾದರೆ ಒಬ್ಬರನ್ನೊಬ್ಬರು ಆಳು, ಅಲಸಂದೆ ತಿನ್ನುವವನು ಎಂದು ಹೀಯಾಳಿಸಲೇಬೇಕು. ಅಜ್ಜಂದಿರ ಅಜ್ಜಂದಿರ ಕಾಲದಿಂದ ಬಂದ ಸಲುಗೆ ಅದು. ಕೋಪಿಸಿಕೊಂಡವನು ಸೋತ. ಬಾಯಿ ಮುಚ್ಚಿಕೊಂಡು ಹೋದವನು ಇನ್ನೂ ಸೋತ. ಬಂದೂಕಿನವರನ್ನು ಒಮ್ಮೆ ನೋಡಿದೆ. ಆದರೂ ನಾಲಿಗೆ ನಿಲ್ಲಲಿಲ್ಲ.

"ನಾನು ಕೊನಾಟೆ. ನಮ್ಮನೆ ಆಳೊಬ್ಬ ಇಷ್ಟು ದೊಡ್ಡ ಕುರ್ಚೀಲಿ ಕೂತಿರೋದು ನೋಡಿ ಕಣ್ಣು ತುಂಬಿ ಬಂತು. ಏನೋ ಅಲಸಂದೆ ಮುಕ್ಕೋನೇ, ಬೆಳಿಗ್ಗೆ ಕಾಳು ಬೆಂದಿತ್ತಾ?"

ನನ್ನ ಪಕ್ಕದ ಬಟ್ಟೆ ವ್ಯಾಪಾರಿ ಕುರ್ಚಿಯನ್ನು ಮೆಲ್ಲನೆ ನನ್ನಿಂದ ದೂರ ಎಳೆದುಕೊಂಡ. ಕರ್ನಲ್ ನನ್ನನ್ನೇ ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ. ಎಂದೋ ಕಳೆದುಹೋದ ವಸ್ತುವನ್ನು ಸಂತೆಯಲ್ಲಿ ಬೇರೆಯವನ ಕೈಯಲ್ಲಿ ಕಂಡವನ ಹಾಗೆ ನೋಡಿದ. ಆಮೇಲೆ, "ಕೊನಾಟೆ!" ಎಂದು ಮೇಜು ಗುದ್ದಿದ. "ನಿಮ್ಮಜ್ಜನ್ನ ನಮ್ಮಜ್ಜ ಒಂದು ಬುಟ್ಟಿ ಅಲಸಂದೆ ಕೊಟ್ಟು ಕೊಂಡ್ಕೊಂಡಿದ್ದ. ಕಾಳಿಗೆ ಹುಳ ಬಿದ್ದಿತ್ತು. ಆದ್ರೂ ನಷ್ಟದ ವ್ಯಾಪಾರ ಅಂತ ಸಾಯೋವರೆಗೆ ಅಳ್ತಿದ್ದ!"

ಎಲ್ಲರೂ ನಕ್ಕರು. ಬಂದೂಕಿನವರೂ ನಕ್ಕರು. ಆ ವಾರ ನನ್ನ ಲಾರಿಯನ್ನು ಊರ ಹೊರಗಿನ ತಪಾಸಣೆಯವರು ತಡೆಯಲಿಲ್ಲ. ಕರ್ನಲ್ ಹೇಳಿದ್ದಲ್ಲ, ಅವರೇ ಊಹಿಸಿಕೊಂಡದ್ದು. ಊಹೆಯನ್ನು ನಾನೇಕೆ ತಿದ್ದಲಿ?

ಅಂದಿನಿಂದ ಅವನು ನನ್ನ ಅಂಗಡಿಗೆ ಬರತೊಡಗಿದ. ಅಂಗಡಿಯ ಮುಂದೆ ಒಂದು ಉದ್ದ ಬೆಂಚಿದೆ. ಬಿಸಿಲು ಇಳಿದ ಮೇಲೆ ನನ್ನ ಜೊತೆಯವರೆಲ್ಲ ಅಲ್ಲಿ ಸೇರುತ್ತಾರೆ: ದರ್ಜಿ, ದೋಣಿ ಕಟ್ಟುವವನು, ಕುರಿ ದಲ್ಲಾಳಿ. ಇದ್ದಿಲ ಒಲೆಯ ಮೇಲೆ ಚಹಾ ಕುದಿಯುತ್ತದೆ. ಮೊದಲ ಲೋಟ ಕಹಿ, ಎರಡನೆಯದು ಹದ, ಮೂರನೆಯದು ಸಿಹಿ. ಮೂರೂ ಮುಗಿಯುವ ತನಕ ಯಾರೂ ಏಳುವುದಿಲ್ಲ. ಕರ್ನಲ್ ಬಂದ ಮೊದಲ ದಿನ ಎಲ್ಲರೂ ಎದ್ದು ನಿಂತರು. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದ. ಕೂತರು. ಮೊದಲ ಲೋಟ ಮುಗಿಯುವಷ್ಟರಲ್ಲಿ ದರ್ಜಿಗೆ ಹೊಲಿಗೆ ನೆನಪಾಯಿತು, ದೋಣಿಯವನಿಗೆ ಹಲ್ಲುನೋವು ಬಂತು, ದಲ್ಲಾಳಿಯ ಕುರಿ ತಪ್ಪಿಸಿಕೊಂಡಿತು. ಎರಡನೆಯ ಲೋಟಕ್ಕೆ ಬೆಂಚಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು.

"ಯಾಕಯ್ಯಾ ಎಲ್ರೂ ಹೋದ್ರು?" ಎಂದ.

"ಗೌರವ ಕಣೋ. ನಿನ್ನ ಮೇಲೆ ಬಹಳ ಗೌರವ ಇದೆ ಅವರಿಗೆ."

ಅವನು ಖಾಲಿ ಬೆಂಚನ್ನು ನೋಡಿದ. ಪ್ರತಿ ಸಲವೂ ಹೀಗೇ ಆಯಿತು. ಜನರ ಜೊತೆ ಕೂರಬೇಕೆಂದು ಬರುತ್ತಿದ್ದ, ಅವನು ಬಂದಲ್ಲಿ ಜನ ಕೂರುತ್ತಿರಲಿಲ್ಲ.

ಒಂದು ದಿನ ಉಪ್ಪಿನ ಲೆಕ್ಕ ಒಪ್ಪಿಸಲು ಮಧ್ಯಾಹ್ನ ಅವನ ಬಂಗಲೆಗೆ ಹೋದೆ. ಬಿಳಿಯರು ಕಟ್ಟಿಸಿದ ಬಂಗಲೆ, ಮದುವೆಯ ಜನವನ್ನೆಲ್ಲ ಕೂರಿಸಬಹುದಾದಷ್ಟು ಉದ್ದನೆಯ ಮೇಜು. ಅದರ ಒಂದು ತುದಿಯಲ್ಲಿ ಒಂದು ತಟ್ಟೆ, ಒಂದು ಚಮಚ, ಅವನು. ಅಡುಗೆಯವನು ಗೋಡೆಗೆ ಅಂಟಿ ನಿಂತಿದ್ದ. ನಮ್ಮಲ್ಲಿ ಎಲ್ಲರೂ ಒಂದೇ ಬೋಗುಣಿಯ ಸುತ್ತ ಕೂತು ಕೈ ಹಾಕುತ್ತೇವೆ. ಕಾಯಿಲೆಯವನಿಗೆ ಮಾತ್ರ ಬೇರೆ ತಟ್ಟೆ. "ಏನೋ ಜ್ವರಾನಾ?" ಎಂದೆ. ಅವನಿಗೆ ಅರ್ಥವಾಯಿತು. ತಟ್ಟೆಯನ್ನು ಸರಿಸಿದ.

ಆ ದಿನ ಅವನು ತನ್ನ ವಿಷಯ ಹೇಳಿಕೊಂಡ. ಅವನಪ್ಪ ಸಜ್ಜೆ ಬೆಳೆಯುವ ರೈತ. ಸೈನ್ಯದ ಮಕ್ಕಳ ಶಾಲೆಗೆ ಹುಡುಗರನ್ನು ಆರಿಸಲು ಬಂದವರು ಶಾಲೆಯ ಸಾಲಿನಲ್ಲಿ ಎಲ್ಲರಿಗಿಂತ ಎತ್ತರದವನಾದ ಇವನ ಕಡೆಗೆ ಬೆರಳು ತೋರಿಸಿದರಂತೆ, ಅಷ್ಟೇ. ಅವನ ವಯಸ್ಸಿನ ಹುಡುಗರೆಲ್ಲ ಊರ ಹೊರಗಿನ ತೋಪಿನಲ್ಲಿ ಒಟ್ಟಿಗೆ ಸುನ್ನತಿಯ ಚಾಕುವಿಗೆ ಕೂತು, ಒಟ್ಟಿಗೆ ಗಾಯ ಮಾಯಿಸಿಕೊಂಡು ಗಂಡಸರಾದರು. ಹಾಗೆ ಕೂತವರು ಸಾಯುವ ತನಕ ಒಬ್ಬರಿಗೊಬ್ಬರು. ಇವನಿಗೆ ಅದು ಸೈನ್ಯದ ಆಸ್ಪತ್ರೆಯಲ್ಲಿ ಆಯಿತು, ಹೆಸರು ಗೊತ್ತಿಲ್ಲದವರ ಸಾಲಿನಲ್ಲಿ. ರಜೆಯಲ್ಲಿ ಊರಿಗೆ ಹೋದರೆ ಓರಗೆಯವರು ನೆಲದ ಮೇಲೆ ಕೂತು ಇವನಿಗೆ ಕುರ್ಚಿ ತಂದು ಹಾಕಿದರು.

"ನನ್ನಪ್ಪನ ಅಂಗಳದಲ್ಲಿ ನಂಗೆ ಕುರ್ಚಿ ಹಾಕಿದ್ರು ಕಣೋ ಕೊನಾಟೆ," ಎಂದ. "ಹೊರಗಿನವರಿಗೆ ಹಾಕ್ತಾರಲ್ಲ, ಹಾಗೆ."

ಆಮೇಲೆ ಮರಳುಗಾಡಿನ ಠಾಣೆಗಳು. ಒಂದರಿಂದ ಇನ್ನೊಂದಕ್ಕೆ, ಎಲ್ಲಿಯೂ ಮಳೆಗಾಲ ಎರಡು ನೋಡುವಷ್ಟು ನಿಲ್ಲಲಿಲ್ಲ. ಹೆಂಡತಿ ಮೇಜರೊಬ್ಬನ ಮಗಳು. ಸಮುದ್ರದಾಚೆಯ ತಂಗಿಯನ್ನು ನೋಡಿ ಬರುತ್ತೇನೆಂದು ಹೋದವಳು ಇನ್ನೂ ನೋಡುತ್ತಲೇ ಇದ್ದಾಳೆ. ಇಷ್ಟನ್ನೂ ಅವನು ವರದಿ ಒಪ್ಪಿಸುವವನ ಹಾಗೆ ಹೇಳಿ ಮುಗಿಸಿದ.

ಇನ್ನು ತೆನೆಂಬಾಳ ವಿಷಯ. ತೆನೆಂಬಾ ಕರಬೆಂತಾ ಮೀನುಗಾರರ ಕೇರಿಯ ವಿಧವೆ. ನದಿದಂಡೆಯಲ್ಲಿ ಅವಳ ಮಣ್ಣಿನ ಒಲೆಗಳಿವೆ, ಮೀನಿಗೆ ಹೊಗೆ ಹಾಕುತ್ತಾಳೆ. ನನ್ನ ಹೊಗೆಮೀನಿನ ಬಹುಪಾಲು ಅವಳದೇ. ಅವಳ ಹತ್ತಿರ ಚೌಕಾಸಿ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ, ನನ್ನನ್ನೂ ಸೇರಿಸಿ. ಆ ಒಲೆಗಳ ಹೊಗೆ ಗಾಳಿ ತಿರುಗಿದಾಗ ಬಂಗಲೆಗೆ ಹೋಗುತ್ತಿತ್ತು. ಒಲೆಗಳನ್ನು ಊರಾಚೆಗೆ ಸಾಗಿಸಬೇಕೆಂದು ಕಚೇರಿಯಿಂದ ಆಜ್ಞೆ ಬಂತು. ಕೇರಿಯ ಗಂಡಸರು ತಲೆ ತಗ್ಗಿಸಿ ಒಲೆ ಒಡೆಯಲು ಹಾರೆ ತಂದರು. ತೆನೆಂಬಾ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನೇರ ಕಚೇರಿಗೆ ನಡೆದಳು. ನಾನಲ್ಲೇ ವರಾಂಡದಲ್ಲಿ ಕಾಯುತ್ತಿದ್ದೆ.

ಬುಟ್ಟಿಯನ್ನು ಮೇಜಿನ ಮೇಲೆ, ಬಾವುಟದ ಪಕ್ಕ ಇಳಿಸಿದಳು. "ಈ ಮೀನು ನೀವು ತಿಂತೀರಾ?"

"ತಿನ್ನುತ್ತೇನೆ," ಎಂದ ಕರ್ನಲ್.

"ಬಾಯಿಗೆ ಬೇಕು, ಮೂಗಿಗೆ ಬೇಡ. ಎರಡರ ನಡುವೆ ಎಷ್ಟು ದೂರ ಇದೆ, ದೊರೆ? ಆ ಎರಡನ್ನ ಮೊದಲು ರಾಜಿ ಮಾಡಿಸಿ. ಆಮೇಲೆ ನನ್ನ ಒಲೆ ಎತ್ತಿಸುವಿರಂತೆ."

ಕರ್ನಲ್ ಎದ್ದು ನಿಂತ. ಹೆಂಗಸೊಬ್ಬಳಿಗೆ, ಅದೂ ಮೀನಿನ ವಾಸನೆಯವಳಿಗೆ, ಗವರ್ನರ್ ಎದ್ದು ನಿಂತದ್ದನ್ನು ಗುಮಾಸ್ತರೆಲ್ಲ ನೋಡಿದರು. ಆಜ್ಞೆ ಆ ಸಂಜೆಯೇ ರದ್ದಾಯಿತು. ಅಂದಿನಿಂದ ಅವನೇ ಕಾಲ್ನಡಿಗೆಯಲ್ಲಿ ದಂಡೆಗೆ ಹೋಗಿ ಮೀನು ಕೊಳ್ಳತೊಡಗಿದ. ಅವಳು ಹೇಳಿದ ಬೆಲೆ ಕೊಡುತ್ತಿದ್ದ. ನಾನದನ್ನು ತಡೆಯಲು ನೋಡಿದೆ: "ಲೋ, ನೀನು ಹೀಗೆ ಕೊಟ್ರೆ ನಾಳೆ ನನ್ನ ಹತ್ರಾನೂ ಅದೇ ಕೇಳ್ತಾಳೆ." ಅವನು ಕೇಳಿಸಿಕೊಳ್ಳಲಿಲ್ಲ.

ಒಂದು ಸಂಜೆ, ಬೆಂಚು ಎಂದಿನಂತೆ ಖಾಲಿಯಾದ ಮೇಲೆ, ಲೋಟ ತಿರುಗಿಸುತ್ತ ಹೇಳಿದ. "ನೌಕರಿ ಮುಗಿದ್ಮೇಲೆ ಎಲ್ಲಿಗೆ ಹೋಗೋದು ಅಂತ ಯೋಚಿಸ್ತಿದ್ದೆ. ನನ್ನೂರಲ್ಲಿ ನಂಗೆ ಕುರ್ಚಿ. ರಾಜಧಾನೀಲಿ ಮನೆ ಇದೆ, ಮನೆಯೊಳಗೆ ಯಾರೂ ಇಲ್ಲ. ಇಲ್ಲೇ ಇದ್ಬಿಡಬೇಕು ಅನ್ನಿಸ್ತದೆ. ಆಕೆ ಒಪ್ಪಿದ್ರೆ."

"ಯಾರು? ಆ ಬೆಲೆ ಇಳಿಸದವಳಾ?"

"ನನ್ನ ಹತ್ರ ಹೆದರದೆ ಮಾತಾಡೋರು ಈ ಪ್ರಾಂತದಲ್ಲಿ ಇಬ್ಬರು. ಇನ್ನೊಬ್ಬ ನೀನು. ನಿನ್ನ ಮದುವೆ ಆಗೋಕೆ ಆಗಲ್ಲ."

ಅವನಿಗೆ ಬೇಕಾದ್ದು ಏನೆಂದು ಕೊನೆಗೂ ನನಗೆ ತಿಳಿಯಿತು. ಲಂಚದಲ್ಲಿ ಕೊಡಬಹುದಾದ ಸಾಮಾನಲ್ಲ.

ಇಲ್ಲಿ ಅವನು ತಪ್ಪು ಮಾಡಿದ. ಹೆಣ್ಣು ಕೇಳಲು ಬಿಳಿ ಕೋಲಾಕಾಯಿ ಕಳಿಸಬೇಕು, ಅದನ್ನು ಹೊರುವವನು ಗಂಡಿನ ಮನೆಯ ಹಿರಿಯನಾಗಿರಬೇಕು. ಪರವೂರಿನವನಾದರೆ ಅವನ ಆಸರೆಮನೆಯವನು ಹೊರುತ್ತಾನೆ. ಹುಡುಗಿಯ ಕಡೆಯವರು ಕಾಯಿ ಒಡೆದು ಕೇರಿಗೆ ಹಂಚಿದರೆ ಒಪ್ಪಿಗೆ. ಅದೇ ಎಲೆಗಳಲ್ಲಿ ಸುತ್ತಿ ವಾಪಸು ಕಳಿಸಿದರೆ ಇಲ್ಲ. ಕರ್ನಲನ ಆಸರೆ ಸರಕಾರ ತಾನೆ? ಅವನು ತನ್ನ ಕೈಕೆಳಗಿನ ಅಧಿಕಾರಿಯನ್ನು ಕರೆದು ಕೋಲಾ ಒಯ್ಯಲು ಹೇಳಿದ. ಆ ಮಹರಾಯ ಅಧಿಕೃತ ಕೆಲಸವೆಂದು ಸಮವಸ್ತ್ರ ತೊಟ್ಟು, ಜೀಪಿನಲ್ಲಿ, ಹಿಂದೆ ಇಬ್ಬರು ಬಂದೂಕಿನವರನ್ನು ಕೂರಿಸಿಕೊಂಡು ಹೋದ.

ತೆನೆಂಬಾಳ ಚಿಕ್ಕಪ್ಪ ಬುರೇಮಾ, ಕೇರಿಗೆ ಹಿರಿಯ, ನದಿಯ ಮೀನು ಹಿಡಿಯುವ ದಿನಗಳನ್ನು ಗೊತ್ತು ಮಾಡುವವನು, ಜೀಪು ಕಂಡು ಬಲೆ ಬಿಟ್ಟು ಎದ್ದ. ಕೋಲಾವನ್ನು ನಿಂತೇ ತೆಗೆದುಕೊಂಡ. "ಕೇಳಿಸ್ಕೊಂಡ್ವಿ," ಎಂದ. ಅಷ್ಟೇ. ಕಾಯಿ ಒಡೆಯಲಿಲ್ಲ, ವಾಪಸು ಕಳಿಸಲೂ ಇಲ್ಲ. ಒದ್ದೆ ಎಲೆ ಮುಚ್ಚಿ ಸೋರೆಬುರುಡೆಯಲ್ಲಿ ಇಟ್ಟ. ದಿನಾ ನೀರು ಚಿಮುಕಿಸಿದ. ತಿಂಗಳಾದರೂ ಹಾಗೇ.

ಕರ್ನಲ್ ಕಾದ. ಮೀನು ಕೊಳ್ಳಲು ದಂಡೆಗೆ ಹೋಗುವುದು ಬಿಟ್ಟ, ಕೋಲಾಕ್ಕೆ ಉತ್ತರ ಬರುವ ತನಕ ಹೋಗಬಾರದಲ್ಲ. ಅವನಿಗೆ ಈಗ ತೆನೆಂಬಾಳ ಜೊತೆಯ ಆ ಮಾತೂ ಇಲ್ಲವಾಯಿತು.

"ಒಡೀಲಿಲ್ಲ, ಕಳಿಸ್ಲೂ ಇಲ್ಲ. ಇದಕ್ಕೇನೋ ಅರ್ಥ?" ಎಂದು ನನ್ನನ್ನು ಕೇಳಿದ.

"ನಿನ್ನ ಕೋಲಾ ಜೀಪಲ್ಲಿ ಹೋಯ್ತು. ಜೀಪಿಗೆ ಇಲ್ಲ ಅನ್ನೋಕೆ ಮುದುಕನಿಗೆ ಧೈರ್ಯ ಇಲ್ಲ. ಹೂಂ ಅನ್ನೋಕೆ ಮನಸ್ಸಿಲ್ಲ. ನೀನು ಇನ್ನೊಂದು ಸಲ ಜೀಪು ಕಳಿಸಿದ್ರೆ ಒಡೀತಾನೆ. ಮದುವೇನೂ ಆಗ್ತದೆ. ಒಲೆ ಎತ್ತಿ ಅಂದಾಗ ಹಾರೆ ತಂದರಲ್ಲ, ಹಾಗೆ ಆಗ್ತದೆ."

"ನೀನು ಹೊರು," ಎಂದ ಕರ್ನಲ್. "ಆ ಕಾಯಿ ಹಿಂದಕ್ಕೆ ತಗೊಂಡು, ನೀನು ಬೇರೆ ಒಯ್ಯಿ. ನಾನು ನಿನ್ನ ಮನೆಯವನು ಅಂತ ಹೇಳು."

"ಹೇಗೆ ಹೇಳ್ಲಿ? ಊರ ಮುಂದೆ ಸರಕಾರ ನನ್ನ ಆಸರೆ ಅಂದ್ಯಲ್ಲ, ಚಪ್ಪಾಳೆ ಬೇರೆ ತಟ್ಟಿಸ್ಕೊಂಡೆ. ಒಂದು ಮನೇಲಿ ಇಳಿದೋನು ಇನ್ನೊಂದು ಮನೆಗೆ ಹಾರಿದ್ರೆ ಮೊದಲನೇ ಮನೆಗೆ ಅವಮಾನ. ಆ ಮನೆಯೋರೇ ಕಳಿಸಿಕೊಡಬೇಕು. ನಿಮ್ಮ ಮನೆಯೋರ ಹತ್ರ ಬಂದೂಕಿದೆ ಕಣಪ್ಪ, ನಾನು ಅವಮಾನ ಮಾಡಲಾರೆ."

ಪದ್ಧತಿ ನಿಜವೇ. ಅದರ ಜೊತೆಗೆ ಇನ್ನೊಂದೂ ನಿಜ: ಗವರ್ನರನ್ನು ಛೇಡಿಸುವವನಾಗಿರುವುದು ಲಾಭದ ಕೆಲಸ. ಗವರ್ನರಿಗೆ ಆಸರೆಯಾಗುವುದು ಖರ್ಚಿನ ಕೆಲಸ, ಅವನ ಮೇಲಿನವರು ಮುನಿದರೆ ನನ್ನ ಮೇಲೂ ಮುನಿಯುತ್ತಾರೆ.

ಕರ್ನಲ್ ಎದ್ದು ಟೋಪಿ ಹಾಕಿಕೊಂಡ. "ಸರಿ. ಕಳಿಸಿಕೊಡಿ ಅಂತ ಕೇಳ್ತೀನಿ."

ತಮಾಷೆ ಎಂದುಕೊಂಡೆ. ಅವನು ನಿಜವಾಗಿಯೂ ರಾಜಧಾನಿಗೆ ಹೋಗಿ, ತನ್ನನ್ನು ನಿವೃತ್ತಿ ಮಾಡಿ ಎಂದು ಕೇಳಿದ. ಹಿಂದೆ ಯಾವ ಗವರ್ನರೂ ಇದನ್ನು ಕೇಳಿರಲಿಲ್ಲ. ಕುರ್ಚಿಗಾಗಿ ಬಡಿದಾಡುವವನನ್ನು ಅಲ್ಲಿನ ದೊಡ್ಡವರು ಬಲ್ಲರು. ತಾನಾಗಿ ಬಿಡುತ್ತೇನೆ ಎನ್ನುವವನು ಇನ್ನೇನೋ ದೊಡ್ಡದಕ್ಕೆ ಕಣ್ಣು ಹಾಕಿರಬೇಕು. ಅವನನ್ನು ಅಲ್ಲೇ ಉಳಿಸಿಕೊಂಡರು. ಯಾರ ಜೊತೆ ಸೇರಿದ್ದೀಯ, ಯಾವ ಪಾಳೆಯದ ಸೈನಿಕರು ನಿನ್ನ ಕಡೆ ಎಂದು ದಿನವೂ ವಿಚಾರಿಸಿದರು. "ಮೀನು ಮಾರೋಳನ್ನ ಮದುವೆ ಆಗ್ಬೇಕು ಅಂತಿದ್ದೀನಿ" ಎಂದು ಇವನು ನಿಜ ಹೇಳಿದನಂತೆ. ಅದನ್ನು ಗುಪ್ತಸಂಕೇತವೆಂದು ತಿಳಿದು ಇನ್ನಷ್ಟು ದಿನ ವಿಚಾರಿಸಿದರು.

ನಮ್ಮಲ್ಲಿ ಯಾರು ಏರಿದರು, ಯಾರು ಇಳಿದರು ಎಂಬುದು ಮಂತ್ರಿಗಳ ಸಭೆಯ ದಿನ ರೇಡಿಯೋದಲ್ಲಿ ಬರುತ್ತದೆ. ಇಳಿದವನಿಗೂ ಆಗಲೇ ಗೊತ್ತಾಗುವುದು. ಮಳೆ ಶುರುವಾದ ಮೇಲೆ ಒಂದು ಸಂಜೆ ನನ್ನ ಅಂಗಡಿಯ ರೇಡಿಯೋ ನಮ್ಮ ಪ್ರಾಂತಕ್ಕೆ ಹೊಸ ಗವರ್ನರನ ಹೆಸರು ಹೇಳಿತು. ಹಳಬನ ಹೆಸರಿನ ಜೊತೆ ಒಂದು ಧನ್ಯವಾದವೂ ಇರಲಿಲ್ಲ.

"ನಿನ್ನ ಆಳು ಹೋದ," ಎಂದ ದರ್ಜಿ.

"ಬೆಂಚು ನಮ್ದಾಯ್ತು," ಎಂದ ಕುರಿ ದಲ್ಲಾಳಿ.

ಮರುದಿನ ಬೆಳಿಗ್ಗೆ ಬುರೇಮಾ ಬಂದು ಸೋರೆಬುರುಡೆಯನ್ನು ನನ್ನ ಮುಂದಿಟ್ಟ. ಕೋಲಾ ಅವೇ ಎಲೆಗಳಲ್ಲಿ ಸುತ್ತಿತ್ತು. ಎಷ್ಟು ಜೋಪಾನವಾಗಿ ಇಟ್ಟಿದ್ದನೆಂದರೆ ಒಂದು ಕಾಯಿಯೂ ಕಪ್ಪಾಗಿರಲಿಲ್ಲ. "ಸರಕಾರದ್ದು," ಎಂದ. "ಯಾರಿಗೆ ಕೊಡ್ಲಿ ಗೊತ್ತಾಗ್ಲಿಲ್ಲ. ಕಚೇರೀಲಿ ತಗೊಳ್ಳಲ್ಲ ಅಂದ್ರು." ನಾನು ತೆಗೆದಿಟ್ಟೆ.

ಕರ್ನಲ್ ಬಂದದ್ದು ಅದಾಗಿ ಬಹಳ ದಿನಗಳಿಗೆ, ಸಂತೆಯ ಲಾರಿಯ ಮೇಲೆ, ಕುರಿಗಳ ನಡುವೆ. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಮೈಮೇಲೆ ಸಾಮಾನ್ಯ ನಿಲುವಂಗಿ. ಕಾಲಲ್ಲಿ ಮಾತ್ರ ಆ ಬೂಟು. ತಾನು ನೇರ ಮಾಡಿಸಿದ್ದ ಸಂತೆಯ ಸಾಲುಗಳ ನಡುವೆ ನಡೆದು ಬಂದ. ಸಾಲುಗಳಾಗಲೇ ಸೊಟ್ಟಗಾಗಿದ್ದವು. ಯಾರೂ ಎದ್ದು ನಿಲ್ಲಲಿಲ್ಲ. ನನ್ನ ಅಂಗಡಿಯ ಮುಂದೆ ನಿಂತು, ಹೊಸಬರು ಹೇಳುವ ಹಾಗೆ ಹೇಳಿದ:

"ಬಂದಿದ್ದೀನಿ. ಈ ಊರಲ್ಲಿ ನಂಗೆ ಯಾರೂ ಇಲ್ಲ."

ಮೊದಲ ದಿನ ಮೊಲೊಬಾಲಿಗೆ ಹೇಳಬೇಕಿದ್ದ ಮಾತು ಅದು. ಎದ್ದು ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡೆ. ಆದರೆ ಕುಲಿಬಾಲಿಯೊಬ್ಬನ ಮುಂದೆ ಕೊನಾಟೆ ಬೈಯದೆ ಇರಬಾರದು.

"ಬಂದ್ಯಾ? ಊರೂರು ತಿರುಗಿ ಕೊನೆಗೆ ಯಜಮಾನನ ಮನೆ ನೆನಪಾಯ್ತಾ, ದಂಡಪಿಂಡ? ಸರಾನ್!" ಎಂದು ಹೆಂಡತಿಯನ್ನು ಕೂಗಿದೆ. "ತಪ್ಪಿಸ್ಕೊಂಡಿದ್ದ ಆಳು ಸಿಕ್ಕಿದ್ದಾನೆ, ಅಲಸಂದೆ ಬೇಯಿಸು!"

ಉಪ್ಪಿನ ಉಗ್ರಾಣದ ಪಕ್ಕದ ಕೋಣೆ ಕೊಟ್ಟೆವು. ಆ ಮಧ್ಯಾಹ್ನ ಅವನು ನಮ್ಮ ಬೋಗುಣಿಯ ಸುತ್ತ ಕೂತ. ಸಜ್ಜೆ ಮುದ್ದೆ, ಬೆಂಡೆಯ ಸಾರು. ಸಿಪಾಯಿಯಂತೆ ಬೇಗ ಬೇಗ ತಿಂದ, ಎಲ್ಲರಿಗಿಂತ ಮೊದಲು ಮುಗಿಸಿ, ಕೈ ತೊಳೆಯುವುದೋ ಬೇಡವೋ ಎಂದು ನಮ್ಮನ್ನು ನೋಡುತ್ತ ಕೂತ.

ಎರಡು ದಿನ ಬಿಟ್ಟು ನಾನೇ ಹೊಸ ಕೋಲಾ ಆರಿಸಿ, ನನ್ನ ಅಂಗಡಿಯ ಉತ್ತಮವಾದವನ್ನೇ ಆರಿಸಿ, ಕಾಲ್ನಡಿಗೆಯಲ್ಲಿ ಮೀನುಗಾರರ ಕೇರಿಗೆ ಹೋದೆ. ಬುರೇಮಾ ಈ ಸಲ ಏಳಲಿಲ್ಲ. ಚಾಪೆ ತೋರಿಸಿದ. ಅದೇ ಒಳ್ಳೆಯ ಶಕುನವೆಂದುಕೊಂಡೆ.

"ನನ್ನ ಮನೆಯವನೊಬ್ಬ ಇದ್ದಾನೆ," ಎಂದೆ. "ಕುಲಿಬಾಲಿ. ತಿಂಡಿಪೋತ, ಕೆಲಸಕ್ಕೆ ಬಾರದವನು. ಆದ್ರೂ ನನ್ನ ಮನೆಯವನು."

ಬುರೇಮಾ ನಕ್ಕ. "ವಿಧವೆ ಕಣಪ್ಪ ಅವಳು. ಅವಳ ಮಾತು ಅವಳೇ ಆಡ್ಲಿ," ಎಂದು ತೆನೆಂಬಾಳನ್ನು ಕರೆದ. ಅವಳು ಪಕ್ಕದ ಒಲೆಯ ಮುಂದೆ ಕೂತಲ್ಲಿಂದಲೇ ತಿರುಗಿದಳು, ಕಣ್ಣು ಹೊಗೆಗೆ ಕೆಂಪಾಗಿತ್ತು. ಕೋಲಾ ನೋಡಿದಳು.

"ಎಲ್ಲಿದ್ದಾನೆ ಅವನು?"

"ನನ್ನ ಉಗ್ರಾಣದಲ್ಲಿ. ಉಪ್ಪಿನ ಪಕ್ಕ. ನಿನಗೋಸ್ಕರ ಕುರ್ಚಿ ಬಿಟ್ಟು ಬಂದಿದ್ದಾನೆ."

"ನಾನು ಬಿಡು ಅಂದಿದ್ನಾ?" ಎಂದಳು, ಮೀನು ತಿರುವಿ ಹಾಕುತ್ತ.

"ಇಲ್ಲ."

"ಈ ಮೊದಲು ಕಾಯಿ ಬಂದಾಗ ನಮ್ಮ ಚಿಕ್ಕಪ್ಪ ಊಟ ಬಿಟ್ಟಿದ್ದ. ಎಲೆಗೆ ನೀರು ಹಾಕ್ತಾ, ಒಣಗಿದ್ರೆ ಕೇರಿಗೆ ಏನು ಕೇಡು ಬರ್ತದೋ ಅಂತ ಹೆದರ್ತಾ ಕೂತಿದ್ದ. ಅದಕ್ಕೆ ಮೊದಲು ನಾನು ನಿನ್ನ ಮನೆಯವನ ಹತ್ರ ನಗ್ತಾ ಮಾತಾಡ್ತಿದ್ದೆ. ಆಮೇಲೆ ಆ ಕಾಯಿ ನೋಡಿದಾಗಲೆಲ್ಲ ಆ ನಗು ಎಲ್ಲಿ ಹೋಯ್ತು ಅಂತ ಗೊತ್ತಾಗ್ಲಿಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಹೊಗೆಗೆ. "ಈಗ ಅವನ ಮೇಲೆ ಕೋಪ ಇಲ್ಲ. ಮನಸ್ಸೂ ಇಲ್ಲ. ನನ್ನ ಒಲೆ ನಂಗೆ ಸಾಕು, ಅಣ್ಣ. ಬೇಡ ಅಂತ ಹೇಳು."

"ಹೀಗೇ ಹೇಳ್ಲಾ?"

"ಮತ್ತೆ ಹೇಗೆ ಹೇಳ್ತೀಯ? ಉಪ್ಪು ಹಾಕಿ ಹೇಳು."

ನಾನು ವ್ಯಾಪಾರಿ. ಇಲ್ಲ ಎಂದವರನ್ನು ಹೂಂ ಎನ್ನಿಸುವುದೇ ನನ್ನ ಬದುಕು. ಆದರೆ ಅವಳ ಮುಖ ನೋಡಿ, ಇದು ಬೆಲೆ ಏರಿಸಲು ಹೇಳಿದ ಇಲ್ಲ ಅಲ್ಲವೆಂದು ತಿಳಿಯಿತು. ಸಂಜೆಯ ಹೊತ್ತಿಗೆ ಕೋಲಾ ವಾಪಸು ಬಂತು, ಅದೇ ಎಲೆಗಳಲ್ಲಿ ಸುತ್ತಿ, ಪದ್ಧತಿಯಂತೆ. ಅದರ ಮೇಲೆ ಒಂದು ದೊಡ್ಡ ಹೊಗೆಮೀನು ಇಟ್ಟಿದ್ದಳು. ಅದು ಪದ್ಧತಿಯಲ್ಲ. ಇಷ್ಟು ವರ್ಷಗಳ ವ್ಯಾಪಾರದಲ್ಲಿ ಅವಳು ನನಗೆ ಒಂದು ಬಾಲವನ್ನೂ ಪುಕ್ಕಟೆ ಕೊಟ್ಟವಳಲ್ಲ.

ಕರ್ನಲ್ ಬಾಗಿಲಲ್ಲಿ ನಿಂತಿದ್ದ. ಎಲೆ ಸುತ್ತಿದ್ದು ನೋಡಿದ ಮೇಲೆ ನಾನು ಹೇಳುವುದೇನೂ ಉಳಿಯಲಿಲ್ಲ. ಆದರೂ ಅವಳ ಮಾತನ್ನು ಅವಳು ಆಡಿದಂತೆಯೇ ಹೇಳಿದೆ.

"ಯಾರಿಗೂ ಹೆದರದೆ ಹೇಳಿದ್ಲಾ?" ಎಂದ.

"ಹೂಂ."

"ಕೂತುಕೊಂಡು ಹೇಳಿದ್ಲಾ, ನಿಂತುಕೊಂಡಾ?"

"ಕೂತುಕೊಂಡು. ಮಧ್ಯೆ ಮೀನೂ ತಿರುವಿ ಹಾಕಿದ್ಲು."

ತಲೆಯಾಡಿಸಿದ. ಕೈಕೆಳಗಿನವನ ವರದಿ ಸರಿಯಾಗಿದೆ ಎಂದು ಒಪ್ಪಿಕೊಂಡವನ ಹಾಗೆ. "ರಾಜಧಾನೀಲಿ ಕೂತಾಗ ಇದೊಂದೇ ಯೋಚಿಸ್ತಿದ್ದೆ," ಎಂದ. "ಒಪ್ಪಿದ್ರೆ ನನ್ನ ಒಪ್ಪಿದ್ಲೋ ಜೀಪನ್ನ ಒಪ್ಪಿದ್ಲೋ ಅಂತ ಹೇಗೆ ಗೊತ್ತಾಗ್ಬೇಕು ಅಂತ. ಈಗ ಆ ಯೋಚನೆ ಇಲ್ಲ." ಮೀನನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿ ನೋ‌ಡಿದ. ಸರಾನ್‌ಗೆ ಕೊಟ್ಟ.

ಹೊತ್ತು ಇಳಿಯುತ್ತಿತ್ತು. ನನ್ನ ಜೊತೆಯವರು ಬೆಂಚಿಗೆ ಬಂದರು. ಕರ್ನಲ್ ಬಂದು ತುದಿಯಲ್ಲಿ ಕೂತ. ಯಾರೂ ಏಳಲಿಲ್ಲ. ಯಾರ ಹಲ್ಲೂ ನೋಯಲಿಲ್ಲ, ಯಾರ ಕುರಿಯೂ ತಪ್ಪಿಸಿಕೊಳ್ಳಲಿಲ್ಲ.

"ಏ ಅಲಸಂದೆ, ಸುಮ್ನೆ ಕೂತಿದ್ದೀಯಲ್ಲ, ಒಲೆ ಬೀಸು," ಎಂದ ದರ್ಜಿ.

ಕರ್ನಲ್ ಬೀಸಣಿಗೆ ತೆಗೆದುಕೊಂಡು ಬೀಸಿದ. ಕಿಡಿ ಹಾರಿತು, ಎಲ್ಲರೂ ಬೈದರು. ಅವನು ನಕ್ಕ. ಆಮೇಲೆ ಮಾತು ನದಿಗೆ ಹೊರಳಿತು, ಹಳೆಯ ಒಂದು ಪ್ರವಾಹಕ್ಕೆ, ಆ ಪ್ರವಾಹದಲ್ಲಿ ಕೊಚ್ಚಿಹೋದ ದೋಣಿಯೊಂದಕ್ಕೆ, ದೋಣಿಯೊಳಗೆ ನಾವು ಕದ್ದಿಟ್ಟಿದ್ದ ಕಲ್ಲಂಗಡಿಗೆ, ಅದಕ್ಕಾಗಿ ಯಾರ ಅಪ್ಪ ಯಾರನ್ನು ಹೊಡೆದ ಎಂಬುದಕ್ಕೆ. ನಾವು ನಾಲ್ವರೂ ಒಂದೇ ತೋಪಿನಲ್ಲಿ ಒಟ್ಟಿಗೆ ಕೂತವರು. ನಮ್ಮ ಯಾವ ಕಥೆಯೂ ಮೊದಲಿಂದ ಶುರುವಾಗುವುದಿಲ್ಲ, ಅರ್ಧ ಹೆಸರು ಹೇಳಿದರೆ ಸಾಕು, ಬಿದ್ದು ನಗುತ್ತೇವೆ. ನಾವು ನಕ್ಕಾಗ ಕರ್ನಲನೂ ನಗುತ್ತಿದ್ದ, ಸ್ವಲ್ಪ ತಡವಾಗಿ. ಒಮ್ಮೆ, "ಆ ದೋಣಿ ಯಾರದ್ದು?" ಎಂದು ಕೇಳಿದ. ದೋಣಿಯವನು ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ದಲ್ಲಾಳಿ ಮುಂದಿನದನ್ನು ಶುರು ಮಾಡಿದ.

ಎರಡನೆಯ ಲೋಟ ಮುಗಿಸಿ ಅವನು ಎದ್ದ. ನಮಗೆ ಅಡ್ಡಿಯಾಗದ ಹಾಗೆ, ಗೋಡೆಯ ಬದಿಯಿಂದ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಉಗ್ರಾಣದ ಕಡೆಯಿಂದ ಬೂಟು ಉಜ್ಜುವ ಸದ್ದು ಕೇಳಿಸಿತು. ಸರಸರ, ಸರಸರ, ಒಂದೇ ಸಮ. ಮರುದಿನ ಅವನಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ.

"ಏ ಆಳೇ!" ಎಂದು ಕೂಗಿದೆ. "ಮೂರನೇ ಲೋಟ ಆರ್ತಾ ಇದೆ. ಸಿಹಿ ಇರೋದೇ ಇದು, ಮುಠ್ಠಾಳ!"

ಸದ್ದು ನಿಂತಿತು. ನಾನು ಲೋಟ ಹಿಡಿದುಕೊಂಡೇ ಕಾದೆ. ಆಮೇಲೆ ಅದು ಮತ್ತೆ ಶುರುವಾಯಿತು.